ಬಿಗಿದ ನಟ್ಟು, ಬಿಗಿಯದ ಗಾಲಿ

ಕಳೆದ ಮಳೆಗಾಲದ ಕೊನೆಯಲ್ಲಿ ನಮ್ಮ ಶಾಲೆಯ ವ್ಯಾನು ಮೂರು ದಿನಗಳ ಕಾಲ ಅಂಗಳದಲ್ಲಿಯೇ ನಿಂತಿದ್ದುದನ್ನು ಹೆತ್ತವರು ಮರೆತಿರಲಾರರು. ಪಡ್ರೆ, ಸ್ವರ್ಗ, ವಾಣೀನಗರ, ಕಾಟುಕುಕ್ಕೆ ಕಡೆಗಳಿಂದ ಬರತಕ್ಕ ಮಕ್ಕಳಲ್ಲಿ ಕೆಲವರು ನಡೆದು ಬಂದರು; ಕೆಲವರು ಬಾಡಿಗೆ ಜೀಪು ಹಿಡಿದು ಬಂದರು; ಕೆಲವರು ಬರಲೇ ಇಲ್ಲ. "ಗಾಲಿಯಲ್ಲಿ ಏನೋ ಸದ್ದಾಯಿತೆಂದು ವ್ಯಾನನ್ನೇ ನಿಲ್ಲಿಸಬೇಕಿತ್ತೆ?" ಎಂದು ಕೇಳಿದವರೂ ಉಂಟು. ಅಂದಿನ ಅವಸರದಲ್ಲಿ ಅವರಿಗೆ ತಕ್ಕ ಉತ್ತರ ಕೊಡಲು ನಮ್ಮಿಂದಾಗಲಿಲ್ಲ. ಆ ಉತ್ತರವೇ ಈ ಲೇಖನ. ಆ ಮೂರು ದಿನಗಳಲ್ಲಿ ಎಂಟು ಒಂಬತ್ತನೆಯ ತರಗತಿಯ ಮಕ್ಕಳು ಪುಸ್ತಕದಲ್ಲಿ ಸಿಗದ ಒಂದಷ್ಟು ಭೌತವಿಜ್ಞಾನವನ್ನು ಕಲಿತರು. ಆದುದರಿಂದ ಇದನ್ನು ಪಾಠವೆಂದು ಓದಿದರೂ ಸರಿಯೇ. ನಾವು ವಿಜ್ಞಾನದ ಪದವೀಧರರಲ್ಲ, ಚರಿತ್ರೆ ಓದಿದವರು. ಆದ ಕಾರಣ ಇಲ್ಲಿಯ ಲೆಕ್ಕಗಳನ್ನೆಲ್ಲ ನಮ್ಮ ವಿಜ್ಞಾನದ ಅಧ್ಯಾಪಕರಿಗೆ ತೋರಿಸಿಯೇ ಬರೆದಿದ್ದೇವೆ.

ನಮ್ಮ ಊರಿನ ಮಳೆಯ ವಿಚಾರ ಹೇಳಬೇಕಾದುದಿಲ್ಲ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನ ಆಸುಪಾಸು ಸುರಿಯುವ ಈ ಜಿಲ್ಲೆಯಲ್ಲಿ, ಮುರಕಲ್ಲಿನ ಕೆಂಪು ಕೆಸರಿನಲ್ಲಿ ದಿನಕ್ಕೆರಡು ಬಾರಿ ಓಡುವ ವಾಹನದ ಕಬ್ಬಿಣ ತುಕ್ಕು ಹಿಡಿಯದಿದ್ದರೆ ಅದೇ ಆಶ್ಚರ್ಯ. ಕಬ್ಬಿಣವು ನೀರು ಮತ್ತು ಗಾಳಿಯ ಆಮ್ಲಜನಕಗಳೊಡನೆ ಕೂಡಿ ತುಕ್ಕಾಗುತ್ತದೆಂಬುದನ್ನು ಏಳನೆಯ ತರಗತಿಯ ಮಗುವೂ ಬಲ್ಲುದು. ಆದರೆ ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಹೆಚ್ಚು ಜಾಗವನ್ನು ಬೇಡುತ್ತದೆಂಬುದನ್ನು ಅನೇಕರು ಗಮನಿಸಿರುವುದಿಲ್ಲ. ನಟ್ಟು ಸ್ಟಡ್ಡಿಗೆ ಕಚ್ಚಿಕೊಳ್ಳುವುದು ಈ ಉಬ್ಬುವಿಕೆಯಿಂದಲೇ. ನಮ್ಮ ವ್ಯಾನಿನ ಗಾಲಿಯ ನಟ್ಟುಗಳೂ ಹೀಗೆ ಕಚ್ಚಿಕೊಂಡಿದ್ದವು. ಪಾನಾ ಜಾರಿ ಜಾರಿ ಅವುಗಳ ಮೂಲೆಗಳು ಸವೆದು ದುಂಡಗಾಗಿದ್ದವು. ದಾರಿಯ ನಡುವೆ ಟಯರು ತೂತಾದರೆ ಬಿಚ್ಚುವುದು ಹೇಗೆಂದು ಚಾಲಕರು ಹಲವು ಬಾರಿ ಎಚ್ಚರಿಸಿದ ಮೇಲೆ, ಸಂಘದ ಆಡಳಿತ ಸಮಿತಿಯವರು ನಾಲ್ಕು ಗಾಲಿಗಳ ಹದಿನಾರು ನಟ್ಟುಗಳನ್ನೂ ಬದಲಿಸಲು ಒಪ್ಪಿದರು. ಒಂದು ಗುರುವಾರ ಆ ಕೆಲಸವೂ ಆಯಿತು. ಹೊಸ ನಟ್ಟುಗಳು ಬೆಳ್ಳಿಯಂತೆ ಹೊಳೆಯುತ್ತಿದ್ದವು. ಹಳೆಯವು ಎರಡು ಕಡೆಯೂ ತೆರೆದಂಥವು. ಇವು ಹೊರಬದಿಗೆ ಟೊಪ್ಪಿಯಿಟ್ಟಂತೆ ಮುಚ್ಚಿದ್ದವು. ಇನ್ನು ಮಳೆನೀರು ಒಳಹೋಗದೆಂದು ನಾವೆಲ್ಲರೂ ಮೆಚ್ಚಿಕೊಂಡೆವು.

ಮರುದಿನ ಬೆಳಗ್ಗೆ ಆರನೆಯ ತರಗತಿಯ ಹುಡುಗಿಯೊಬ್ಬಳು ನಮ್ಮ ಕೋಣೆಯ ಬಾಗಿಲಿಗೆ ಬಂದು, "ಮಾಸ್ಟ್ರೇ, ವ್ಯಾನಿನ ಹಿಂದಿನ ಗಾಲಿಯೊಳಗೆ ಯಾರೋ ಕದ ತಟ್ಟಿದ ಹಾಗೆ ಕೇಳುತ್ತದೆ" ಎಂದಳು. ನಾವು ನಕ್ಕು, ತರಗತಿಗೆ ಹೋಗೆಂದೆವು. ಈ ಮಾತನ್ನು ಮುಚ್ಚಿಡದೆ ಬರೆಯುವುದು ನ್ಯಾಯ. ಸೋಮವಾರ ಅವಳು ಮತ್ತೆ ಬಂದಳು. ಈ ಸಲ ಜೊತೆಯಲ್ಲಿ ಚಾಲಕರೂ ಇದ್ದರು. ಅಷ್ಟರಲ್ಲಿ ವ್ಯಾನು ಎರಡು ದಿನ, ದಿನಕ್ಕೆರಡು ಸಲದಂತೆ, ಮಕ್ಕಳನ್ನು ತುಂಬಿಕೊಂಡು ಗುಡ್ಡೆಯ ಇಳಿಜಾರುಗಳಲ್ಲಿ ಓಡಾಡಿಯಾಗಿತ್ತು.

ಆ ಸಂಜೆಯೇ ಗ್ಯಾರೇಜಿನವರು ಬಂದು ನೋಡಿದರು. ಅವರು ಕೆಲಸ ಬಲ್ಲವರು. ಅವರಲ್ಲಿ ಟಾರ್ಕ್ ರೆಂಚ್ ಸಹ ಇತ್ತು. ಬೇಕಾದಷ್ಟು ಬಿಗಿಯಾದೊಡನೆ ಟಕ್ಕೆಂದು ಸದ್ದು ಮಾಡಿ ತಿಳಿಸುವ ಉಪಕರಣವದು. ಒಂದೊಂದೇ ನಟ್ಟಿಗೆ ಅದನ್ನು ಹಚ್ಚಿ, ಹದಿನಾರೂ ಸರಿಯಾಗಿ ಬಿಗಿದಿವೆಯೆಂದು ನಮ್ಮ ಕಣ್ಣೆದುರೇ ತೋರಿಸಿಕೊಟ್ಟರು. ಆದರೂ ವ್ಯಾನು ಹೊರಟೊಡನೆ ಸದ್ದು ಬಂದೇ ಬಂತು. ನಟ್ಟು ಬಿಗಿದಿದೆ, ಗಾಲಿ ಅಲುಗುತ್ತಿದೆ. ಈ ಎರಡು ಮಾತುಗಳೂ ಒಟ್ಟಿಗೆ ನಿಜವಾಗುವುದು ಹೇಗೆ? ಮಂಗಳವಾರದಿಂದ ವ್ಯಾನನ್ನು ನಿಲ್ಲಿಸಿ, ಈ ಪ್ರಶ್ನೆಯನ್ನು ಒಂಬತ್ತನೆಯ ತರಗತಿಯ ಕರಿಹಲಗೆಯ ಮೇಲೆ ಬರೆಸಿದೆವು.

ಸದ್ದಿನ ಮೂಲವನ್ನು ಹುಡುಕುವಲ್ಲಿ ಮೊದಲು ತಿಳಿಯಬೇಕಾದುದು ಅದು ಯಾವುದರ ಲಯಕ್ಕೆ ಕೂಡಿದೆಯೆಂಬುದು. ಮಕ್ಕಳು ಎಂಜಿನನ್ನು ಆರಿಸಿದ ಖಾಲಿ ವ್ಯಾನನ್ನು ಆಟದ ಬಯಲಿನ ಸಮತಟ್ಟಾದ ನೆಲದಲ್ಲಿ ದೂಡಿದರು. ಚಾಲಕರು ಬ್ರೇಕಿನ ಮೇಲೆ ಕಾಲಿಟ್ಟು ಒಳಗೆ ಕುಳಿತಿದ್ದರು. ಸದ್ದು ಬಂತು. ಹಾಗಾದರೆ ಎಂಜಿನಿನದಲ್ಲ. ಗಾಲಿಗೆ ಸೀಮೆಸುಣ್ಣದಿಂದ ಒಂದು ಗೆರೆ ಎಳೆದು ಎಣಿಸಿದರು: ಗೆರೆ ಒಂದು ಸುತ್ತು ಬಂದಾಗ ಸದ್ದು ಒಂದು ಬಾರಿ. ನಮ್ಮ ವ್ಯಾನಿನ ಗಾಲಿಯ ವ್ಯಾಸ ಸುಮಾರು 54 ಸೆಂಟಿಮೀಟರು. ಅದರ ಸುತ್ತಳತೆ 1.7 ಮೀಟರು. ಗಂಟೆಗೆ 20 ಕಿಲೋಮೀಟರು ವೇಗದಲ್ಲಿ ಸೆಕೆಂಡಿಗೆ ಐದೂವರೆ ಮೀಟರು ಸಾಗುವುದರಿಂದ ಗಾಲಿ ಸೆಕೆಂಡಿಗೆ ಮೂರು ಸುತ್ತಿಗೂ ಮಿಕ್ಕಿ ತಿರುಗುತ್ತದೆ. ಆ ಹುಡುಗಿ 'ಕದ ತಟ್ಟಿದ ಹಾಗೆ' ಎಂದುದು ಎಷ್ಟು ನಿಷ್ಕೃಷ್ಟವಾದ ಮಾತೆಂಬುದು ಆಗ ನಮಗೆ ತಿಳಿಯಿತು.

ಟಯರಿನ ಸಂದಿನಲ್ಲಿ ಕಲ್ಲು ಸಿಕ್ಕಿದ್ದರೂ ಸುತ್ತಿಗೊಮ್ಮೆ ಸದ್ದಾಗುತ್ತದೆ, ಹುಡುಕಿದರು, ಇರಲಿಲ್ಲ. ಬೇರಿಂಗು ಕೆಟ್ಟಿದ್ದರೆ ಸದ್ದು ತಟ್ಟುವುದಿಲ್ಲ, ದುಂಬಿಯಂತೆ ಮೊರೆಯುತ್ತದೆ. ವೇಗ ಏರಿದಂತೆ ಮೊರೆತವೂ ಏರುತ್ತದೆ, ತಿರುವಿನಲ್ಲಿ ಹೆಚ್ಚುಕಡಿಮೆಯಾಗುತ್ತದೆ. ಬ್ರೇಕಿನ ತಗಡು ಬಾಗಿ ಉಜ್ಜುತ್ತಿದ್ದರೆ ತೆಳ್ಳಗಿನ ಕೀರಲು ಕೇಳಬೇಕು. ನಮ್ಮದು ಇವಾವುದೂ ಅಲ್ಲ. ನಿಧಾನವಾಗಿ ಹೊರಡುವಾಗ, ಬ್ರೇಕು ಒತ್ತುವಾಗ ಸ್ಪಷ್ಟವಾಗಿ ಕೇಳುವ ಟಕ್ ಟಕ್. ಗಾಲಿ ತನ್ನ ಹಬ್ಬಿನ ಮೇಲೆಯೇ ಸರಿದಾಡುತ್ತಿರುವ ಲಕ್ಷಣವಿದು. ನಟ್ಟು ಬದಲಿಸಿದ ಮರುದಿನವೇ ಇಂಥ ಸದ್ದು ಹುಟ್ಟಿದರೆ ಮತ್ತೊಂದು ಗಜವೂ ವಾಹನವನ್ನು ಓಡಿಸತಕ್ಕದ್ದಲ್ಲ.

ಇಲ್ಲಿ ಕೊಂಚ ನಿಂತು, ಗಾಲಿಯನ್ನು ಹಿಡಿದಿಡುವುದು ಯಾವುದೆಂಬುದನ್ನು ವಿಚಾರಿಸೋಣ. ಎತ್ತಿನ ಗಾಡಿಯ ಅಚ್ಚಿನ ತುದಿಯಲ್ಲಿ ಒಂದು ಕಡಾಣಿ ಇರುತ್ತಿತ್ತು. ಗಾಲಿ ಹೊರಗೆ ಜಾರದಂತೆ ತಡೆಯುವುದಷ್ಟೆ ಅದರ ಕೆಲಸ. ಗಾಲಿ ಸಡಿಲವಾಗಿಯೇ ಇದ್ದು, ಅಚ್ಚಿನ ಸುತ್ತ ತಿರುಗುತ್ತಿತ್ತು. ಮೋಟಾರಿನ ನಟ್ಟನ್ನೂ ನಾವು ಕಡಾಣಿಯೆಂದೇ ತಿಳಿದಿದ್ದೆವು. ಅದು ತಪ್ಪು. ಮೋಟಾರಿನ ಗಾಲಿ ಮತ್ತು ಹಬ್ ಒಂದೇ ಆಗಿ ತಿರುಗಬೇಕು. ನಟ್ಟು ಗಾಲಿಯನ್ನು ಹಬ್ಬಿಗೆ ಒತ್ತುತ್ತದೆ. ಆ ಒತ್ತಡದಿಂದ ಹುಟ್ಟುವ ಘರ್ಷಣೆಯೇ ಗಾಲಿಯನ್ನು ಹಿಡಿದಿಡುತ್ತದೆ. ಸ್ಟಡ್ಡುಗಳು ಗಾಲಿಯ ಭಾರವನ್ನು ಅಡ್ಡಲಾಗಿ ಹೊರಲು ಇರುವಂಥವಲ್ಲ.

ಕಂಗಿನ ತೋಟದ ಮಕ್ಕಳಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಅಡಕೆ ಕೊಯ್ಯುವವರು ಕಾಲಿಗೆ ಹಗ್ಗದ ತಳೆ ತೊಟ್ಟು ಮರವನ್ನೇರುತ್ತಾರಷ್ಟೆ. ಮರದಲ್ಲಿ ಮೆಟ್ಟಿಲುಗಳಿಲ್ಲ, ಪಾದಗಳೆರಡೂ ಕಾಂಡವನ್ನು ಅಮುಕುವ ಬಲದಿಂದಲೇ ಆತ ನಿಲ್ಲುತ್ತಾನೆ. ಆಟಿ ತಿಂಗಳಲ್ಲಿ ಮರಕ್ಕೆ ಪಾಚಿ ಕಟ್ಟಿದಾಗ ಅಮುಕುವ ಬಲ ಅಷ್ಟೇ ಇದ್ದರೂ ಕಾಲು ಜಾರುತ್ತದೆ. ಗಾಲಿಗೂ ಹಬ್ಬಿಗೂ ನಡುವೆ ತುಕ್ಕಿನ ಪುಡಿ, ಕೆಸರು, ದಪ್ಪನೆಯ ಬಣ್ಣ ಉಳಿದರೆ ಆಗುವುದೂ ಇದೇ ಬಗೆಯದು. ಆ ಪುಡಿ ಓಟದಲ್ಲಿ ಉದುರಿಹೋಗುತ್ತದೆ. ಅದರ ದಪ್ಪದಷ್ಟು ಬಿಗಿಯೂ ಕಳೆದುಹೋಗುತ್ತದೆ.

ಒತ್ತಡ ಎಷ್ಟೆಂಬುದನ್ನು ಒಂಬತ್ತನೆಯ ತರಗತಿಯವರು ಲೆಕ್ಕ ಹಾಕಿದರು. 40 ಸೆಂಟಿಮೀಟರು ಉದ್ದದ ಪಾನಾದ ತುದಿಯಲ್ಲಿ 25 ಕಿಲೋಗ್ರಾಮಿನ ಭಾರದಷ್ಟು ಒತ್ತಿದರೆ ಸುಮಾರು 100 ನ್ಯೂಟನ್ ಮೀಟರು ಟಾರ್ಕ್ ಹುಟ್ಟುತ್ತದೆ. ಸ್ಟಡ್ಡಿನ ವ್ಯಾಸ 12 ಮಿಲಿಮೀಟರು. ಟಾರ್ಕನ್ನು ವ್ಯಾಸದ ಐದನೆಯ ಒಂದು ಪಾಲಿನಿಂದ ಭಾಗಿಸಿದರೆ ಒತ್ತುಬಲದ ಅಂದಾಜು ಸಿಗುತ್ತದೆಂಬುದು ಎಂಜಿನಿಯರರ ರೂಢಿ. ಲೆಕ್ಕ ಮಾಡಿದಾಗ ಒಂದು ನಟ್ಟಿಗೆ ಸುಮಾರು 41,700 ನ್ಯೂಟನ್, ಅರ್ಥಾತ್ ನಾಲ್ಕು ಟನ್ನಿಗೂ ಮಿಕ್ಕಿದ ಭಾರ! ನಾಲ್ಕು ನಟ್ಟುಗಳಿಗೆ ಸುಮಾರು 17 ಟನ್ನು. ಅದರ ಏಳನೆಯ ಒಂದು ಪಾಲು ಮಾತ್ರ ಘರ್ಷಣೆಯಾಗಿ ದೊರೆತರೂ ಎರಡೂವರೆ ಟನ್ನಿನಷ್ಟು ಹಿಡಿತ. ಮಕ್ಕಳು ತುಂಬಿದ ವ್ಯಾನಿನ ಒಂದೊಂದು ಗಾಲಿಗೆ ಬೀಳುವ ಭಾರವಾದರೋ ಮುನ್ನೂರು ನಾನ್ನೂರು ಕಿಲೋಗ್ರಾಮು. ಹಳ್ಳ ದಿಣ್ಣೆಗಳಲ್ಲಿ ಆ ಭಾರ ಎರಡು ಮೂರು ಪಟ್ಟು ಏರಿದರೂ ಗಾಲಿ ಒಂದಿಷ್ಟೂ ಕದಲದು.

ಆದರೆ ಈ ಲೆಕ್ಕದ ಬೆನ್ನಿಗೆ ಒಂದು ಎಚ್ಚರಿಕೆ ಇದೆ. ನಾವು ಪಾನಾಕ್ಕೆ ಕೊಡುವ ಶ್ರಮದಲ್ಲಿ ಸುಮಾರು ಅರ್ಧದಷ್ಟನ್ನು ನಟ್ಟು ಗಾಲಿಯ ಮೇಲೆ ಉಜ್ಜುವಾಗಿನ ಘರ್ಷಣೆ ನುಂಗುತ್ತದೆ. ನೂರರಲ್ಲಿ ನಲವತ್ತರಷ್ಟನ್ನು ತಿರುಪಿನ ಸುತ್ತುಗಳೊಳಗಿನ ಘರ್ಷಣೆ ನುಂಗುತ್ತದೆ. ನಿಜವಾಗಿ ಸ್ಟಡ್ಡನ್ನು ಎಳೆದು ಗಾಲಿಯನ್ನು ಒತ್ತುವುದು ಉಳಿದ ಹತ್ತನೆಯ ಒಂದು ಪಾಲು ಮಾತ್ರ. ತುಕ್ಕು ಹಿಡಿದ ಸ್ಟಡ್ಡಿನಲ್ಲಿ ಆ ಹತ್ತೂ ಉಳಿಯದಿರಬಹುದು. ಎಣ್ಣೆ ಬಳಿದರೆ ಹತ್ತು ಇಪ್ಪತ್ತಾಗಿ ಸ್ಟಡ್ ಎಳೆದು ತುಂಡಾಗಬಹುದು. ಆದುದರಿಂದಲೇ ಕೈಪಿಡಿಯಲ್ಲಿ ಹೇಳದ ಹೊರತು ಅಲ್ಲಿಗೆ ಎಣ್ಣೆ ಹಾಕಬಾರದು. ಪಾನಾದ ಮೇಲೆ ಹತ್ತಿ ನಿಲ್ಲುವ ಅಭ್ಯಾಸವೂ ನಮ್ಮಲ್ಲುಂಟು. 60 ಕಿಲೋಗ್ರಾಮಿನ ಮನುಷ್ಯ ಅದರ ತುದಿಯಲ್ಲಿ ನಿಂತರೆ 235 ನ್ಯೂಟನ್ ಮೀಟರು. ಬಿಗಿಯಲೆಂದು ಹತ್ತಿದ ಪುಣ್ಯಾತ್ಮ ಸ್ಟಡ್ಡನ್ನೇ ಕೆಡಿಸಿ ಇಳಿಯುತ್ತಾನೆ.

ಇನ್ನು ನಮ್ಮ ಪ್ರಶ್ನೆಗೆ ಬರೋಣ. ಟಾರ್ಕ್ ರೆಂಚ್ ನಟ್ಟು ತಿರುಗಲು ಒಡ್ಡುವ ತಡೆಯನ್ನು ಅಳೆಯುತ್ತದೆಯೇ ಹೊರತು ಆ ತಡೆ ಎಲ್ಲಿಂದ ಬಂತೆಂಬುದನ್ನು ಅದು ಅರಿಯದು. ನಮ್ಮ ನಟ್ಟಿಗೆ ತಡೆ ಎಲ್ಲಿಂದ ಬರುತ್ತಿತ್ತು?

ಮರದ ಕೆಲಸದವರು ಎರಡು ತುಂಡುಗಳು ಸರಿಯಾಗಿ ಕೂಡುತ್ತವೆಯೇ ಎಂದು ನೋಡಲು ಒಂದಕ್ಕೆ ಬಣ್ಣ ಸವರಿ ಜೋಡಿಸಿ ಬಿಚ್ಚುವುದನ್ನು ಕಂಡಿದ್ದ ಹುಡುಗನೊಬ್ಬ ಅದೇ ಉಪಾಯವನ್ನು ಸೂಚಿಸಿದ. ದೀಪದ ಮಸಿಯನ್ನು ನಟ್ಟಿನ ಇಳಿಜಾರು ಅಂಚಿಗೂ ಸ್ಟಡ್ಡಿನ ತುದಿಗೂ ತೆಳ್ಳಗೆ ಹಚ್ಚಿದರು. ಚಾಲಕರು ರೆಂಚ್ ಸದ್ದು ಮಾಡುವ ತನಕ ಬಿಗಿದು, ಮತ್ತೆ ಬಿಚ್ಚಿದರು. ನಟ್ಟಿನ ಅಂಚು ಗಾಲಿಯ ರಂಧ್ರವನ್ನು ಅಮುಕಿದ್ದರೆ ಮಸಿ ಸುತ್ತಲೂ ಅಳಿಸಿ ಉಂಗುರದಂತೆ ಹೊಳೆಯಬೇಕಿತ್ತು. ಹಿಂದಿನ ಎಡಗಾಲಿಯ ನಾಲ್ಕು ನಟ್ಟುಗಳಲ್ಲಿಯೂ ಒಂದು ಬದಿಗೆ ತುಸು ತೀಡಿದ ಗುರುತಲ್ಲದೆ ಬೇರೇನೂ ಇರಲಿಲ್ಲ. ಸ್ಟಡ್ಡಿನ ತುದಿಯ ಮಸಿ ಮಾತ್ರ ಪೂರ್ತಿ ಅಳಿಸಿಹೋಗಿತ್ತು. ಟೊಪ್ಪಿಯ ಒಳಗಿನ ತಳದಲ್ಲಿ ಹೊಸ ಗಾಯವೊಂದು ಮಿನುಗುತ್ತಿತ್ತು. ನಟ್ಟು ಗಾಲಿಯನ್ನು ಮುಟ್ಟುವ ಮೊದಲೇ ಸ್ಟಡ್ಡಿನ ತಲೆ ಟೊಪ್ಪಿಯ ತಳಕ್ಕೆ ತಾಗಿ ನಿಂತಿತ್ತು! ರೆಂಚ್ ಸದ್ದು ಮಾಡಿದುದು ಆ ತಾಗುವಿಕೆಗೆ.

ಅಳತೆಯೂ ಅದನ್ನೇ ಹೇಳಿತು. ಹಳೆಯ ತೆರೆದ ನಟ್ಟಿನ ಎತ್ತರ 20 ಮಿಲಿಮೀಟರು. ಅದನ್ನು ಬಿಗಿದಾಗ ಸ್ಟಡ್ 3 ಮಿಲಿಮೀಟರು ಹೊರಗೆ ಇಣುಕುತ್ತಿತ್ತು. ಎಂದರೆ 23 ಮಿಲಿಮೀಟರಿನ ಆಳ ಬೇಕು. ಹೊಸ ನಟ್ಟಿನ ಒಳಗಿನ ಆಳ, ಪ್ರಯೋಗಶಾಲೆಯ ವರ್ನಿಯರ್ ಕ್ಯಾಲಿಪರಿನ ಬಾಲದ ಕಡ್ಡಿಯಿಂದ ಅಳೆದಾಗ, 22.5 ಮಿಲಿಮೀಟರು. ಅರ್ಧ ಮಿಲಿಮೀಟರಿನ ಕೊರತೆ. ನಾಲ್ಕೈದು ಹಾಳೆ ಕಾಗದದ ದಪ್ಪ. ಅಷ್ಟರಿಂದ ಹದಿನೇಳು ಟನ್ನಿನ ಹಿಡಿತ ಸೊನ್ನೆಯಾಗಿತ್ತು.

"ಹಾಗಾದರೆ ಉಳಿದ ಮೂರು ಗಾಲಿಗಳಲ್ಲಿ ಸದ್ದೇಕೆ ಬರಲಿಲ್ಲ, ಮಾಸ್ಟ್ರೇ?" ಎಂದು ಒಬ್ಬಳು ಕೇಳಿದಳು. ಒಳ್ಳೆಯ ಪ್ರಶ್ನೆ. ಅಲ್ಲಿಯ ಸ್ಟಡ್ಡುಗಳನ್ನೂ ಅಳೆದರು; ಅವು ಒಂದು ಮಿಲಿಮೀಟರು ಗಿಡ್ಡ. ಹಿಂದೆ ಎಂದೋ ಎಡಗಾಲಿಯ ಸ್ಟಡ್ಡುಗಳನ್ನು ಬದಲಿಸಿದವರು ತುಸು ಉದ್ದದವನ್ನು ಹಾಕಿದ್ದರೆಂದು ಚಾಲಕರು ನೆನಪಿಸಿಕೊಂಡರು. ತೆರೆದ ನಟ್ಟು ಇರುವ ತನಕ ಅದರಿಂದ ತೊಂದರೆಯಿರಲಿಲ್ಲ.

ನಟ್ಟನ್ನು ಕೊಳ್ಳುವಾಗ ಹೊಳಪನ್ನು ನೋಡಿ ಮೋಸಹೋಗುವುದಕ್ಕೆ ಇದೊಂದೇ ದಾರಿಯಲ್ಲ. ಗಾಲಿಯ ರಂಧ್ರ ಇಳಿಜಾರಾಗಿದ್ದರೆ ನಟ್ಟಿನ ಅಂಚೂ ಅದೇ ಕೋನದ ಇಳಿಜಾರಾಗಿರಬೇಕು; ಸಾಮಾನ್ಯವಾಗಿ ಅದು 60 ಡಿಗ್ರಿ. ಕೆಲವು ಗಾಲಿಗಳ ರಂಧ್ರ ಚೆಂಡಿನ ಬೆನ್ನಿನಂತೆ ದುಂಡಗಿರುತ್ತದೆ. ಕೆಲವಕ್ಕೆ ಚಪ್ಪಟೆ ವಾಷರು ಬೇಕು. ಒಂದರಲ್ಲಿ ಇನ್ನೊಂದನ್ನು ಕೂರಿಸಿದರೆ ಅಗಲವಾಗಿ ಮುಟ್ಟಬೇಕಾದುದು ಗೆರೆಯಷ್ಟು ಮಾತ್ರ ಮುಟ್ಟಿ, ಬೇಗನೆ ಸವೆದು ಸಡಿಲವಾಗುತ್ತದೆ. ತಿರುಪಿನ ಸುತ್ತುಗಳ ಅಂತರವೂ ಒಂದೇ ಅಲ್ಲ. 12 ಮಿಲಿಮೀಟರಿನ ಸ್ಟಡ್ಡುಗಳಲ್ಲಿಯೇ 1.25 ಮಿಲಿಮೀಟರಿನ ಸುತ್ತು ಒಂದು, 1.5 ಮಿಲಿಮೀಟರಿನ ಸುತ್ತು ಇನ್ನೊಂದು. ಬೇರೆ ಜಾತಿಯ ನಟ್ಟು ಒಂದೆರಡು ಸುತ್ತು ಒಳಹೋಗಿ ಸಿಕ್ಕಿಕೊಳ್ಳುತ್ತದೆ. ಅದನ್ನು 'ಬಿಗಿಯಾಯಿತು' ಎಂದು ಎಣಿಸುವವರುಂಟು. ಲೇಪದ ವಿಚಾರದಲ್ಲಿಯೂ ಭೇದವುಂಟು. ಮದ್ದು ಬಿಡುವ ಕಾಲದಲ್ಲಿ ಬೋರ್ಡೋ ದ್ರಾವಣಕ್ಕೆ ಚೂರಿಯನ್ನು ಅದ್ದಿ, ಅದಕ್ಕೆ ತಾಮ್ರದ ಕೆಂಪು ಹಿಡಿದರೆ ಇನ್ನಷ್ಟು ಸುಣ್ಣ ಹಾಕುವುದನ್ನು ಮಕ್ಕಳು ಮನೆಯಲ್ಲಿ ಕಂಡಿರಬಹುದು. ಅಲ್ಲಿ ತಾಮ್ರಕ್ಕೆ ಎಡೆಮಾಡಿಕೊಟ್ಟು ಕಬ್ಬಿಣ ಕರಗುತ್ತದೆ. ಅದೇ ರೀತಿ ಸತುವು ಕಬ್ಬಿಣಕ್ಕಾಗಿ ತಾನು ಕರಗುತ್ತದೆ. ಆದ ಕಾರಣ ಸತುವಿನ ಲೇಪಕ್ಕೆ ಗೀರು ಬಿದ್ದರೂ ಕಬ್ಬಿಣ ಕೆಲಕಾಲ ಉಳಿಯುತ್ತದೆ. ಕನ್ನಡಿಯಂತೆ ಹೊಳೆಯುವ ಕ್ರೋಮಿಗೆ ಆ ಗುಣವಿಲ್ಲ. ಸೂಜಿಮೊನೆಯಷ್ಟು ತೂತಾದರೆ ಒಳಗೊಳಗೇ ತುಕ್ಕು ಹಬ್ಬುತ್ತದೆ.

ಮಕ್ಕಳಿಗೆ ಪ್ರಿಯವಾದ ಓಟದ ಕಾರುಗಳ ಮಾತನ್ನೂ ಒಂದಿಷ್ಟು ಆಡಬೇಕು. ಫಾರ್ಮುಲಾ ಒಂದರ ಕಾರಿಗೆ ಗಾಲಿಗೊಂದೇ ನಟ್ಟು. 2021ರ ಮೊನಾಕೊ ಸ್ಪರ್ಧೆಯಲ್ಲಿ ಎರಡನೆಯ ಸ್ಥಾನದಲ್ಲಿದ್ದ ವಾಲ್ಟೇರಿ ಬೊಟಾಸನ ಕಾರಿನ ಮುಂದಿನ ಬಲಗಾಲಿಯ ನಟ್ಟು ಸವೆದು ದುಂಡಗಾಗಿ ಬಿಚ್ಚಲಾಗದೆ ಹೋಯಿತು. ಆತ ಸ್ಪರ್ಧೆಯನ್ನೇ ಬಿಡಬೇಕಾಯಿತು. ಆ ಗಾಲಿಯನ್ನು ಕಳಚಿದುದು ಇಂಗ್ಲೆಂಡಿನ ಕಾರ್ಖಾನೆಗೆ ಮರಳಿದ ಮೇಲೆ. ನಮ್ಮ ಚಾಲಕರ ಪಾಡೇ ಅವರದೂ! ಇದಕ್ಕೆ ವಿರುದ್ಧವಾದುದು 2009ರ ಹಂಗೇರಿಯ ಸ್ಪರ್ಧೆ. ಫೆರ್ನಾಂಡೋ ಅಲೊನ್ಸೊ ಗಾಲಿ ಬದಲಿಸಿಕೊಂಡು ಹೊರಟ ಸ್ವಲ್ಪದರಲ್ಲಿಯೇ ಮುಂದಿನ ಬಲಗಾಲಿ ಕಳಚಿ ಉರುಳಿತು. ಗಾಲಿ ಭದ್ರವಾಗಿಲ್ಲವೆಂದು ತಿಳಿದೂ ಕಾರನ್ನು ಬಿಟ್ಟರೆಂದು ತೀರ್ಪುಗಾರರು ಆ ತಂಡವನ್ನು ಮುಂದಿನ ಸ್ಪರ್ಧೆಯಿಂದ ಹೊರಗಿಟ್ಟರು. ಮೇಲ್ಮನವಿಯಲ್ಲಿ ಆ ಶಿಕ್ಷೆ ದಂಡವಾಗಿ ಬದಲಾಯಿತು. ಇದನ್ನು ತರಗತಿಯಲ್ಲಿ ವಿವರಿಸುವಾಗ ಆ ಶುಕ್ರವಾರ ನಾವು ನಕ್ಕ ನಗು ನಮಗೆ ನೆನಪಾಗದೆ ಇರಲಿಲ್ಲ.

ಸಡಿಲಾದ ನಟ್ಟು ಇನ್ನಷ್ಟು ಸಡಿಲಾಗುವುದಕ್ಕೂ ಕಾರಣವಿದೆ. ತಿರುಪು ಬಿಚ್ಚಿಕೊಳ್ಳುವುದು ಮುಖ್ಯವಾಗಿ ಅಡ್ಡಲಾಗಿ ಸರಿದಾಡುವ ಅಲುಗಾಟದಿಂದಲೆಂಬುದನ್ನು ಜರ್ಮನಿಯ ಎಂಜಿನಿಯರ್ ಗೆರ್‌ಹಾರ್ಡ್ ಯುಂಕರ್ 1969ರಲ್ಲಿ ಪ್ರಯೋಗದಿಂದ ತೋರಿಸಿಕೊಟ್ಟನು. ಗಾಲಿ ಒಮ್ಮೆ ಸರಿದಾಡತೊಡಗಿದರೆ ಪ್ರತಿಯೊಂದು ಸುತ್ತೂ ನಟ್ಟನ್ನು ಬಿಚ್ಚುವ ಕೈಯಾಗುತ್ತದೆ. ಹಳೆಯ ವಿಲ್ಲಿಸ್ ಜೀಪುಗಳಲ್ಲಿ ಎಡಬದಿಯ ಗಾಲಿಗಳಿಗೆ ಎಡಕ್ಕೆ ತಿರುಗಿಸಿ ಬಿಗಿಯುವ ನಟ್ಟುಗಳಿದ್ದುದು ಈ ಭಯದಿಂದಲೇ. ಜೀಪು ಕಾಣದ ಮಕ್ಕಳು ಸೈಕಲಿನ ಎಡಗಡೆಯ ಪೆಡಲನ್ನು ಬಿಚ್ಚಿ ನೋಡಬಹುದು; ಅದರ ಸುತ್ತು ಬಲಗಡೆಯದಕ್ಕೆ ವಿರುದ್ಧವಾಗಿದೆ.

ಬುಧವಾರ ಎಡಗಾಲಿಯನ್ನು ಕಳಚಿ ಬೆಳಕಿಗೆ ಹಿಡಿದು ನೋಡಿದೆವು. ನಾಲ್ಕು ರಂಧ್ರಗಳಲ್ಲಿ ಎರಡು ದುಂಡಗಾಗಿ ಉಳಿದಿರಲಿಲ್ಲ. ವರ್ನಿಯರಿನಲ್ಲಿ ಅಳೆದಾಗ ಒಂದರ ಉದ್ದಗಲಗಳಲ್ಲಿ 0.4 ಮಿಲಿಮೀಟರಿನ ವ್ಯತ್ಯಾಸ ಕಂಡಿತು. ಎರಡೇ ದಿನಗಳ ಓಟದ ಫಲವಿದು. ಇನ್ನೂ ಎಷ್ಟು ದಿನ ತಾಳುತ್ತಿತ್ತೋ ಹೇಳುವಂತಿಲ್ಲ. ಆ ಚಕ್ರವನ್ನು ಗುಜರಿಗೆ ಹಾಕಿದೆವು. ಗುರುವಾರ ಗ್ಯಾರೇಜಿನವರು ಆ ಗಾಲಿಯ ಸ್ಟಡ್ಡುಗಳನ್ನು ಬದಲಿಸಿ, ಸತುವಿನ ಲೇಪದ ತೆರೆದ ನಟ್ಟುಗಳನ್ನು ತಂದರು. ಅರ್ಧ ಮಿಲಿಮೀಟರು ಉಳಿದಿದೆಯೆಂದು ಟೊಪ್ಪಿಯ ನಟ್ಟನ್ನು ನಂಬಲು ಮನಸ್ಸೊಪ್ಪದೆ ಉಳಿದ ಮೂರು ಗಾಲಿಗಳಿಗೂ ಅವನ್ನೇ ಹಾಕಿಸಿದೆವು. ಹಬ್ಬಿನ ಮುಖವನ್ನೂ ಗಾಲಿಯ ಬೆನ್ನನ್ನೂ ತಂತಿಯ ಬ್ರಷ್ಷಿನಿಂದ ಲೋಹ ಕಾಣುವ ತನಕ ಉಜ್ಜಿದರು. ಮೊದಲು ಕೈಯಿಂದಲೇ ನಟ್ಟು ತೊಡಿಸಿ, ಎದುರುಬದುರಿನ ಜೋಡಿಯಾಗಿ ಅಲ್ಪಸ್ವಲ್ಪ ಬಿಗಿದು, ಗಾಲಿ ನೆಲಕ್ಕಿಳಿದ ಮೇಲೆ ರೆಂಚಿನಿಂದ ಪೂರ್ತಿ ಬಿಗಿದರು. ಗ್ಯಾರೇಜಿನವರಾದರೂ ಮಸಿಯ ಪರೀಕ್ಷೆಯನ್ನು ತಾವಾಗಿ ಇನ್ನೊಮ್ಮೆ ಮಾಡಿಸಿ ನೋಡಿದರು. ಹದಿನಾರು ನಟ್ಟುಗಳಲ್ಲಿಯೂ ಉಂಗುರ ಮೂಡಿತ್ತು.

ಶುಕ್ರವಾರ ವ್ಯಾನು ಹೊರಟಿತು. ದೂರು ತಂದ ಹುಡುಗಿಯನ್ನು ಹಿಂದಿನ ಸೀಟಿನಲ್ಲಿ ಎಡಬದಿಗೆ ಕುಳ್ಳಿರಿಸಿ, ಕೇಳಿಸಿಕೊಂಡು ಬರುವಂತೆ ಹೇಳಿದ್ದೆವು. "ಈಗ ಯಾರೂ ತಟ್ಟುವುದಿಲ್ಲ" ಎಂದಳು. ಹೊಸ ನಟ್ಟುಗಳು 50ರಿಂದ 100 ಕಿಲೋಮೀಟರು ಓಡಿದ ಮೇಲೆ ಮತ್ತೊಮ್ಮೆ ನೋಡಬೇಕೆಂಬುದು ನಿಯಮ. ಸೋಮವಾರ ಬೆಳಗ್ಗೆ, ಗಾಲಿಗಳು ತಣ್ಣಗಿರುವಾಗಲೇ, ಚಾಲಕರು ರೆಂಚ್ ಹಚ್ಚಿದರು. ಹದಿನೈದು ಕದಲಲಿಲ್ಲ. ಮುಂದಿನ ಬಲಗಾಲಿಯ ಒಂದು ನಟ್ಟು ತುಸು ತಿರುಗಿ ಟಕ್ಕೆಂದಿತು. ವ್ಯಾನಿನಲ್ಲಿ ಈಗ ತೂಗುಹಾಕಿರುವ ಪುಸ್ತಕದ ಮೊದಲ ಪುಟದಲ್ಲಿ ಅದನ್ನು ಬರೆದಿಟ್ಟಿದ್ದೇವೆ; ಹೆತ್ತವರು ಯಾವಾಗ ಬೇಕಾದರೂ ತೆರೆದು ನೋಡಬಹುದು.